ಹಾಕದೇ ಉಳಿಸಿದ ಆಯಿಲಿಗೆ ಒಂದು ನಮಸ್ಕಾರ

ನಮ್ಮ ಹುಡುಗ ಮೊನ್ನೆ ಭಾನುವಾರ ಮತ್ತೆ ಸೈಕಲ್ ಹತ್ತಿದ. ಶಿರಸಿಯಿಂದ ಸಹಸ್ರಲಿಂಗದವರೆಗೆ ಹೋಗಿ, ಶಾಲ್ಮಲೆಯಲ್ಲಿ ಕಾಲು ಅದ್ದಿ, ಬಿಸಿಲೇರುವ ಮೊದಲು ವಾಪಸು ಬಂದ. ಇಳಿಜಾರಿನಲ್ಲಿ ಬ್ರೇಕ್ ಹೋಗಿ ಬಿದ್ದು ಭುಜ ಮುರಿದುಕೊಂಡದ್ದು, ಪ್ಲೇಟ್ ಹಾಕಿಸಿಕೊಂಡದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದ್ದದ್ದೇ, ಮತ್ತೆ ಉದ್ದಕ್ಕೆ ಬರೆಯುವುದಿಲ್ಲ. ಅವನು ಹತ್ತಿದ ಮೇಲೆಯೇ ಬರೆಯಬೇಕು ಎಂದು ಇಷ್ಟು ದಿನ ಕಾದಿದ್ದೆವು.

ಅವನನ್ನು ಅಡಿಕೆ ಮೂಟೆಗಳ ನಡುವೆ ಮಲಗಿಸಿಕೊಂಡು ಶಿರಸಿಗೆ ಮುಟ್ಟಿಸಿದ ಪಿಕಪ್ ಡ್ರೈವರಣ್ಣನಿಗೆ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಹಂಚಿಕೊಂಡವರಿಗೆ, ಅಂಗಡಿ ಮುಚ್ಚಿದ ಮೇಲೂ ಬಾಗಿಲು ತೆಗೆಸಿ ಸಾಮಾನು ಕಟ್ಟಿಸಿದ ಕುಮಟಾದ ಗೆಳೆಯನಿಗೆ, ಆ ಪೊಟ್ಟಣವನ್ನು ಸೀಟಿನ ಕೆಳಗಿಟ್ಟುಕೊಂಡು ತಂದು ಘಟ್ಟದ ಮೇಲೆ ಇಳಿಸಿದ ಕಂಡಕ್ಟರರಿಗೆ, ತಂಬುಳಿ ಅನ್ನ ಕಳಿಸಿದ ಎಲ್ಲ ಮನೆಯವರಿಗೆ ನಮಸ್ಕಾರ.

ಇನ್ನು ಉಳಿದದ್ದೆಲ್ಲ ಗ್ಯಾರೇಜ್ ಭಾವನಿಗೆ. ಹೆಸರು ಹಾಕಿದರೆ ಮುಂದೆ ಮಾತಾಡಿಸುವುದಿಲ್ಲ ಎಂದಿದ್ದಾರೆ, ಆದ್ದರಿಂದ ಭಾವ ಅಂತಲೇ ಇರಲಿ. ದೇವಿಮನೆ ಘಟ್ಟ ಇಳಿಯುವ ಮೊದಲು ರಸ್ತೆ ಪಕ್ಕ ತಗಡಿನ ಮಾಡು, ಹಿಂದೆ ಮನೆ, ಅದರ ಹಿಂದೆ ತೋಟ. ಬೆಳಿಗ್ಗೆ ತೋಟ, ಮಧ್ಯಾಹ್ನದ ಮೇಲೆ ಬೈಕ್ ರಿಪೇರಿ. ಗೇರಿನ ಸೈಕಲ್ಲನ್ನು ಅವರು ಅದಕ್ಕೆ ಮೊದಲು ಬಿಚ್ಚಿಯೇ ಇರಲಿಲ್ಲ.

ನಾವು ಉಳಿದ ಮೂವರು ಆ ಸೈಕಲ್ಲನ್ನು ಹೊತ್ತು ಅಲ್ಲಿಗೆ ಮುಟ್ಟಿದಾಗ ಕತ್ತಲಾಗಿತ್ತು. ಹಿಂದಿನ ಬ್ರೇಕಿನ ಲಿವರ್ ಹ್ಯಾಂಡಲ್ಲಿಗೇ ತಾಗುತ್ತಿತ್ತು. ಕಪಾಟಿನಲ್ಲಿ ಡಾಟ್ 4 ಎಂಬ ಬ್ರೇಕ್ ಆಯಿಲಿನ ಬಾಟಲಿ ಕಣ್ಣಿಗೆ ಬಿತ್ತು. ಬೈಕಿನ ಡಿಸ್ಕ್ ಬ್ರೇಕಿಗೆ ಹಾಕುವುದು, ಸೈಕಲ್ಲಿನದೂ ಡಿಸ್ಕೇ, ತುಂಬಿಸಿ ಕೊಟ್ಟುಬಿಡಿ ಭಾವ, ಬೆಳಗಾಗುವುದರೊಳಗೆ ಶಿರಸಿ ಮುಟ್ಟಬೇಕು ಎಂದು ಕಾಡಿದೆವು. ಅವರು ಬಾಟಲಿ ಮುಟ್ಟಲಿಲ್ಲ. ‘ತಮಾ, ಇದ್ರಲ್ಲಿ ಎಂತಾ ಆಯ್ಲ್ ಇದ್ದು?’ ಎಂದರು. ಮೂರು ಮಳೆಗಾಲ ಓಡಿಸಿದವರು ನಾವು. ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಲಿವರಿನ ಮುಚ್ಚಳದ ಮೇಲಿನ ಅಕ್ಷರ ಅಳಿಸಿಹೋಗಿತ್ತು.

ಆಗ ಅವರು ಮಾಡಿದ್ದನ್ನು ನೀವೂ ಕಲಿತಿಡಿ. ಲಿವರನ್ನು ನೆಲಕ್ಕೆ ಸಮನಾಗಿ ತಿರುಗಿಸಿ, ಮೇಲಿನ ಸಣ್ಣ ಸ್ಕ್ರೂ ತೆಗೆದರು. ಬೆಂಕಿಕಡ್ಡಿಯ ತುದಿ ಅದ್ದಿ, ಒಂದು ಹನಿಯನ್ನು ನೀರಿದ್ದ ಸ್ಟೀಲ್ ಬಟ್ಟಲಿಗೆ ಬಿಟ್ಟರು. ಹನಿ ಒಗ್ಗರಣೆ ಎಣ್ಣೆಯ ಹಾಗೆ ಹರಡಿ ತೇಲಿತು. ಡಾಟ್ ಆಗಿದ್ದರೆ ನೀರಿನಲ್ಲಿ ಬೆರೆತುಹೋಗುತ್ತಿತ್ತು. ತೇಲಿದ್ದು ಮಿನರಲ್ ಆಯಿಲ್, ಅಂದರೆ ಖನಿಜ ಎಣ್ಣೆ. ಕಪಾಟಿನ ಬಾಟಲಿ ತೋರಿಸಿ ‘ಇದ್ನ ಹಾಕಲಾಗ’ ಎಂದರು. ಅಲ್ಲಿಗೆ ಮುಗಿಯಿತು, ಎಷ್ಟು ಗೋಗರೆದರೂ ಜಗ್ಗಲಿಲ್ಲ.

ಕಾರಣ ಅವರಿಗೆ ಗೊತ್ತಿದ್ದದ್ದು ಉಲ್ಟಾ ಕಡೆಯಿಂದ. ಯಾರೋ ಒಬ್ಬರು ಬೈಕಿನ ಬ್ರೇಕಿಗೆ ಎಂಜಿನ್ ಆಯಿಲ್ ಸುರಿದು ತಂದಿದ್ದರಂತೆ. ಬಿಚ್ಚಿದರೆ ಒಳಗಿನ ರಬ್ಬರ್ ವಾಷರ್ ನೆನೆಹಾಕಿದ ಉದ್ದಿನಬೇಳೆಯ ಹಾಗೆ ಉಬ್ಬಿತ್ತಂತೆ. ಡಾಟ್‌ಗೆಂದು ಮಾಡಿದ ರಬ್ಬರಿಗೆ ಖನಿಜ ಎಣ್ಣೆ ಆಗದು, ಖನಿಜ ಎಣ್ಣೆಗೆಂದು ಮಾಡಿದ ರಬ್ಬರಿಗೆ ಡಾಟ್ ಆಗದು. ಹಾಕಿದ ಹೊತ್ತಿಗೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ, ಅಪಾಯ ಇರುವುದೇ ಅಲ್ಲಿ. ಆಮೇಲೆ ಆ ರಬ್ಬರ್ ಸೀಲ್ ಉಬ್ಬಿ, ಡಿಸ್ಕಿಗೆ ಉಜ್ಜುವ ಪ್ಯಾಡನ್ನು ತಳ್ಳುವ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ, ಲಿವರ್ ವಾಪಸು ಬರುವುದಿಲ್ಲ, ಕೊನೆಗೆ ಸೋರುತ್ತದೆ. ಲಿವರಿನಿಂದ ಗಾಲಿಯ ಪಕ್ಕದ ಪಿಸ್ಟನ್ ಮನೆ ಕ್ಯಾಲಿಪರ್‌ವರೆಗೆ ಎಲ್ಲವನ್ನೂ ಬದಲಿಸಬೇಕು. ಶಿಮಾನೊ, ಮಗೂರಾ, ಟೆಕ್ಟ್ರೊ ಬ್ರೇಕುಗಳಿಗೆ ಮಿನರಲ್ ಆಯಿಲ್. ಹೋಪ್ ಬ್ರೇಕಿಗೆ, ಸ್ರ್ಯಾಮ್‌ನ ಹಳೆಯ ಮಾದರಿಗಳಿಗೆ ಡಾಟ್. ಸ್ರ್ಯಾಮ್ ಈಚೆಗೆ ಕೆಲವು ಬ್ರೇಕುಗಳಿಗೆ ಮಿನರಲ್ ಕೊಡುತ್ತಿರುವುದರಿಂದ ಕಂಪನಿ ಹೆಸರು ನೋಡಿ ಊಹಿಸಬೇಡಿ, ಮುಚ್ಚಳ ಓದಿ. ಅಕ್ಷರ ಅಳಿಸಿದ್ದರೆ ನೀರಿನ ಬಟ್ಟಲು ಇದೆ.

ಎರಡನೆಯ ಉಪಕಾರ ಅದಕ್ಕಿಂತ ಸಣ್ಣದಲ್ಲ. ಸೈಕಲ್ ತಣ್ಣಗಾದ ಮೇಲೆ ಲಿವರ್ ತಾನಾಗಿಯೇ ಸ್ವಲ್ಪ ಗಟ್ಟಿಯಾಯಿತು. ನಮಗೆ ಖುಷಿಯೋ ಖುಷಿ. ಭಾವ ಸೈಕಲ್ಲಿಗೆ ಬೀಗ ಹಾಕಿ ಕೀಲಿಯನ್ನು ಕವಳದ ಸಂಚಿಗೆ ಸೇರಿಸಿದರು! ಬಿಸಿಗೆ ಹೋದ ಬ್ರೇಕ್ ತಣ್ಣಗಾದಾಗ ಬಂದರೆ ಅದು ರಿಪೇರಿ ಆದದ್ದಲ್ಲ, ಮುಂದಿನ ಇಳಿಜಾರಿನಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗುತ್ತದೆ ಎಂಬುದು ಅವರ ವಾದ. ಅದು ಸರಿಯೇ. ಮಿನರಲ್ ಆಯಿಲ್ ನೀರನ್ನು ಹೀರುವುದಿಲ್ಲ, ನಿಜ. ಆದರೆ ಒಳಗೆ ಸೇರಿದ ನೀರು ಬೆರೆಯಲಾರದೆ ತಗ್ಗಿಗೆ ಇಳಿದು ಕ್ಯಾಲಿಪರಿನಲ್ಲೇ ನಿಲ್ಲುತ್ತದೆ. ಬ್ರೇಕಿನಲ್ಲಿ ಅತಿ ಹೆಚ್ಚು ಕಾಯುವ ಜಾಗವೂ ಅದೇ. 100 ಡಿಗ್ರಿಗೆ ನೀರು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆ, ಪ್ಯಾಡನ್ನು ತಳ್ಳುವುದಿಲ್ಲ. ತಣ್ಣಗಾದರೆ ಆವಿ ಮತ್ತೆ ನೀರು, ಲಿವರ್ ಮತ್ತೆ ಗಟ್ಟಿ. ಡಾಟ್‌ನ ಕಥೆ ಬೇರೆ: ಅದು ನೀರನ್ನು ತನ್ನೊಳಗೇ ಹೀರಿಕೊಳ್ಳುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮ, ನೀರು ಹೀರಿದ್ದಕ್ಕೆ ಆ ಮಿತಿ 155. ಕರಾವಳಿಯ ಗಾಳಿಯಲ್ಲಿ ಬಾಯಿ ತೆರೆದಿಟ್ಟ ಬಾಟಲಿಯನ್ನು ಮುಂದಿನ ವರ್ಷ ಬಳಸಬಾರದು ಎನ್ನುವುದು ಇದಕ್ಕೇ.

ಬಿಸಿ ಎಷ್ಟು ಎಂಬುದಕ್ಕೂ ಒಂದು ಲೆಕ್ಕ. ಸವಾರ, ಸೈಕಲ್ ಸೇರಿ 90 ಕೆಜಿ, ಇಳಿತ 400 ಮೀಟರ್ ಎಂದಿಟ್ಟುಕೊಳ್ಳಿ. ಆ ಇಳಿತದ ಶಕ್ತಿಯಷ್ಟನ್ನೂ ಬ್ರೇಕಿಗೇ ಕೊಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ತಣ್ಣೀರು ಕುದಿಯುವಷ್ಟು ಬಿಸಿ. ಅಂದು ರಾತ್ರಿ ಭಾವನ ಮನೆಯ ಅಕ್ಕ ನಮಗೆ ಕಷಾಯ ಕುದಿಸಿದ ಪಾತ್ರೆ ಅಷ್ಟೇ ದೊಡ್ಡದಿತ್ತು. ಅಷ್ಟು ಬಿಸಿಯನ್ನು ಗಾಲಿಗೊಂದರಂತೆ ಇರುವ ಎರಡು ತೆಳು ಡಿಸ್ಕ್ ತಟ್ಟೆಗಳು ಗಾಳಿಗೆ ಬಿಡಬೇಕು. ಲಿವರನ್ನು ಹಿಡಿದೇ ಇಳಿದರೆ ಅದಕ್ಕೆ ಪುರುಸೊತ್ತು ಎಲ್ಲಿ? ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಬೇಕು. ಬಿಟ್ಟ ಹೊತ್ತಿನಲ್ಲೇ ತಟ್ಟೆ ತಣಿಯುವುದು. ಚಿರೇಕಲ್ಲಿನ ಮೇಲೆ ಹಾವಸೆ, ಅದರ ಮೇಲೆ ದರಕು (ಒಣಗಿದ ಎಲೆ) ಇದ್ದರೆ ಹೆದರಿಕೆಗೆ ಯಾರೂ ಬಿಡುವುದಿಲ್ಲ. ಅಲ್ಲಿ ಇಳಿದು ನಡೆಯುವುದೇ ಲಾಯಕ್ಕು.

ಹಿಂದಿನದು ಹೋದ ಮೇಲೆ ಭಾರವೆಲ್ಲ ಮುಂದಿನ ಬ್ರೇಕಿಗೆ ಬಿತ್ತು. ಅದರ ಲಿವರ್ ಕಲ್ಲಿನಷ್ಟು ಗಟ್ಟಿ, ಹಿಡಿತ ಮಾತ್ರ ಇಲ್ಲ. ಇದು ಬೇರೆಯೇ ರೋಗ ಎಂದು ಭಾವ ಟಾರ್ಚ್ ಹಿಡಿದು ತೋರಿಸಿದರು. ಲಿವರ್ ಮೆತ್ತಗಾಗಿ ಒಳಗೆ ಹೋದರೆ ಆಯಿಲ್, ಗಾಳಿ, ಸೋರಿಕೆ ನೋಡಬೇಕು. ಲಿವರ್ ಗಟ್ಟಿ ಇದ್ದು ಸೈಕಲ್ ನಿಲ್ಲದಿದ್ದರೆ ಪ್ಯಾಡ್ ನೋಡಬೇಕು. ಪ್ಯಾಡಿನ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಸಮತಟ್ಟಾದ ಕಲ್ಲಿನ ಮೇಲೆ ಉಪ್ಪುಕಾಗದ ಹಾಸಿ, ಪ್ಯಾಡನ್ನು ಎಂಟರ ಆಕಾರದಲ್ಲಿ ತಿಕ್ಕಿ ಹೊಳಪು ತೆಗೆದರು. ಎಣ್ಣೆ ಕುಡಿದ ಪ್ಯಾಡಿಗೆ ಈ ಉಪಚಾರ ನಾಟುವುದಿಲ್ಲ, ಅದನ್ನು ಎಸೆಯಬೇಕು. ಒಲೆಯಲ್ಲಿ ಸುಟ್ಟರೆ ಎಣ್ಣೆ ಹೋಗುತ್ತದಂತೆ ಎಂದು ನಮ್ಮಲ್ಲೊಬ್ಬ ಅಂದದ್ದಕ್ಕೆ ಭಾವ ನಕ್ಕರು, ಅಷ್ಟೇ. ಉಜ್ಜುವ ಪದರ ಅರ್ಧ ಮಿಲಿಮೀಟರಿಗೆ ಬಂದಿದ್ದರೆ ಅದೂ ಎಸೆಯುವ ಬಾಬತ್ತೇ. ಮಳೆಗಾಲದ ಕೆಂಪು ಕೆಸರಿನಲ್ಲಿ ಮೆತ್ತನೆಯ ರೆಸಿನ್ ಪ್ಯಾಡ್ ಒಂದೇ ದಿನದಲ್ಲಿ ಸವೆದು ಮುಗಿದದ್ದಿದೆ. ಈ ಕಡೆ ಓಡಿಸುವವರು ಮೆಟಲ್ ಪ್ಯಾಡ್ ಹಾಕಿ, ನಿಮ್ಮ ತಟ್ಟೆ ಅದಕ್ಕೆ ಆಗುತ್ತದೆಯೇ ಎಂದು ತಟ್ಟೆಯ ಮೇಲೆ ಓದಿಕೊಂಡು.

ರಾತ್ರಿ ಹಿಂದಿನ ಬ್ರೇಕಿನ ಒಳಗೆ ಸೇರಿದ ಗಾಳಿ ತೆಗೆಯಲು ಮಾಡಿದ ಉಪಾಯ ಹೇಳುತ್ತೇವೆ. ಸೈಕಲ್ಲನ್ನು ಮುಂದಿನ ಗಾಲಿ ಮೇಲಾಗಿ ಕಂಬಕ್ಕೆ ಒರಗಿಸಿದರು. ಲಿವರ್ ಎಲ್ಲಕ್ಕಿಂತ ಮೇಲೆ, ಕ್ಯಾಲಿಪರ್ ಕೆಳಗೆ, ನಡುವಿನ ಪೈಪ್ ಎಲ್ಲೂ ಜೋತು ಬೀಳದ ಹಾಗೆ. ಲಿವರ್ ಹಿಡಿದು ಹಳೆ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲ್ಲಿಗೆ ಬಿಗಿದು ಕಟ್ಟಿದರು. ಒತ್ತಡಕ್ಕೆ ಗಾಳಿಗುಳ್ಳೆ ಕುಗ್ಗಿ, ಪೈಪಿನ ಗೋಡೆ ಬಿಟ್ಟು ಮೇಲೇರುತ್ತದೆ. ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಲಿವರಿನ ಒಳಗಿನ ತೂತು ತೆರೆದು, ಗುಳ್ಳೆ ಮೇಲಿನ ಆಯಿಲ್ ತೊಟ್ಟಿಗೆ ಹೋಗುತ್ತದೆ. ಹಾಗೆ ಕಟ್ಟುವಾಗ ಗಾಲಿ ಜಾಗದಲ್ಲೇ ಇರಬೇಕು. ಗಾಲಿ ತೆಗೆದು ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು ಹೊಸ ತಾಪತ್ರಯ. ಗಾಳಿ ಸೇರಿದ್ದು ಹೇಗೆ ಎಂದರೆ, ಸವಾರಿ ಶುರು ಮಾಡುವ ಮೊದಲು ಜೀಪಿನಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ಇಟ್ಟು ತಂದಿದ್ದೆವು. ತೊಟ್ಟಿಯಲ್ಲಿ ಆಯಿಲ್ ಕಡಿಮೆ ಇದ್ದರೆ ಅಷ್ಟು ಸಾಕು.

ಭಾವ ಮಲಗಲಿಲ್ಲ. ಗಂಟೆಗೊಮ್ಮೆ ಎದ್ದು ಸ್ಪ್ಯಾನರಿನ ಹಿಡಿಯಿಂದ ಪೈಪಿಗೆ ಟಕ್ ಟಕ್ ಎಂದು ತಟ್ಟುತ್ತಿದ್ದರು. ಆಸ್ಪತ್ರೆಗೆ ಫೋನ್ ಸಿಗುತ್ತಿರಲಿಲ್ಲ, ನೆಟ್‌ವರ್ಕ್ ಇರುವುದು ಗುಡಿಯ ಹತ್ತಿರದ ತಿರುವಿನಲ್ಲಿ ಮಾತ್ರ. ಎರಡು ಗಂಟೆಗೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಅಲ್ಲಿವರೆಗೆ ಟಾರ್ಚ್ ಹಿಡಿದು ನಮ್ಮೊಡನೆ ನಡೆದರು. ಹೊರಡುವ ಮೊದಲು ಲಿವರ್ ಒತ್ತಿ ನೋಡುವುದು ಹತ್ತು ಸೆಕೆಂಡಿನ ಕೆಲಸ. ನಾವು ಯಾರೂ ಮಾಡಿರಲಿಲ್ಲ. ಅದನ್ನು ಆ ತಿರುವಿನಲ್ಲಿ ಬಾಯಿಬಿಟ್ಟು ಹೇಳಿದಾಗ ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅಡಿಕೆ ಹೋಳು ಕೊಟ್ಟರು.

ಬೆಳಿಗ್ಗೆ ಲಿವರ್ ಅರ್ಧಕ್ಕೆ ನಿಂತಿತು. ಇಳಿಜಾರಿಗೆ ಇದು ಸಾಲದು, ತಳ್ಳಿಕೊಂಡು ಹೋಗುವುದಕ್ಕೆ ಸಾಕು ಎಂದರು. ಕುಮಟಾದಿಂದ ಬಸ್ಸಿನಲ್ಲಿ ಮಿನರಲ್ ಆಯಿಲ್, ಎರಡು ಜೊತೆ ಪ್ಯಾಡ್, ಸಿರಿಂಜ್, ಮೀನಿನ ತೊಟ್ಟಿಯ ಗಾಳಿ ಪೈಪಿನ ಒಂದು ತುಂಡು ಬಂದ ಮೇಲೆಯೇ ಕೆಲಸ ಶುರು. ಗಾಲಿ ತೆಗೆದು, ಪ್ಯಾಡುಗಳನ್ನು ಬಿಚ್ಚಿ ಅಡುಗೆಮನೆಯ ಕಡೆ ಇಟ್ಟರು, ಆಯಿಲಿನ ಕೈ ಅದಕ್ಕೆ ತಾಗಬಾರದು. ಪಿಸ್ಟನ್‌ಗಳನ್ನು ಮರದ ಚಕ್ಕೆಯಿಂದ ಸಮನಾಗಿ ಒಳಗೆ ಒತ್ತಿದರು. ಅವು ಹೊರಬರದಂತೆ ನಡುವೆ ಒಂದು ಅಡ್ಡಕಟ್ಟೆ ಬೇಕು. ಕಂಪನಿಯದು ಪ್ಲಾಸ್ಟಿಕ್ಕಿನದು ಬರುತ್ತದೆ. ಭಾವ ಅಡಿಕೆ ದಬ್ಬೆಯ (ಅಡಿಕೆ ಮರದ ಸೀಳಿನ) ತುಂಡನ್ನು ಕತ್ತಿಯಲ್ಲಿ ಕೆತ್ತಿ, ಹತ್ತು ಮಿಲಿಮೀಟರ್ ದಪ್ಪಕ್ಕೆ ಉಪ್ಪುಕಾಗದದಲ್ಲಿ ತಿಕ್ಕಿ, ಮೂರು ಸಲ ಅಳತೆ ನೋಡಿ ಕೂರಿಸಿದರು.

ಆಮೇಲೆ ಕ್ಯಾಲಿಪರಿನ ನಿಪ್ಪಲಿಗೆ (ಆಯಿಲ್ ಹಾಯುವ ಸಣ್ಣ ಮೂತಿಗೆ) ಪೈಪ್, ಪೈಪಿಗೆ ಗಾಳಿ ತೆಗೆದ ಸಿರಿಂಜ್. ಮೇಲೆ ಲಿವರಿನ ಸ್ಕ್ರೂ ಜಾಗದಲ್ಲಿ ಸಣ್ಣ ಆಲಿಕೆ. ನಿಪ್ಪಲ್ಲನ್ನು ಎಂಟನೇ ಒಂದು ಸುತ್ತು ಸಡಿಲಿಸಿ, ಆಯಿಲನ್ನು ಕೆಳಗಿನಿಂದ ಮೇಲಕ್ಕೆ ನಿಧಾನ ತಳ್ಳಿದರು. ಗಾಳಿ ಮೇಲಕ್ಕೇ ಹೋಗುವ ವಸ್ತು, ಅದರ ದಾರಿಯಲ್ಲೇ ಕಳಿಸಬೇಕು. ಮೊದಲು ಕಪ್ಪು ಆಯಿಲ್ ಬಂತು, ಆಮೇಲೆ ಗುಳ್ಳೆ, ಆಮೇಲೆ ತಿಳಿಯಾದದ್ದು. ಗುಳ್ಳೆ ನಿಂತ ಮೇಲೆ ನಿಪ್ಪಲ್ ಬಿಗಿದು, ಆಲಿಕೆಯಲ್ಲಿ ಆಯಿಲ್ ಇರುವಂತೆಯೇ ಲಿವರನ್ನು ಇಪ್ಪತ್ತು ಸಲ ಒತ್ತಿಬಿಟ್ಟು, ಸ್ಕ್ರೂ ಹಾಕಿದರು. ಕ್ಯಾಲಿಪರನ್ನು ಸ್ಪಿರಿಟ್ಟಿನಿಂದ ಒರೆಸಿದ ಮೇಲೆಯೇ ಪ್ಯಾಡ್ ಒಳಗೆ ಬಂತು. ಹೊಸ ಪ್ಯಾಡ್ ಹಾಕಿದ ಕೂಡಲೇ ಘಟ್ಟ ಇಳಿಯಬಾರದು ಎಂದು ಸಮತಟ್ಟು ರಸ್ತೆಯಲ್ಲಿ ಇಪ್ಪತ್ತು ಸಲ ಸಾಧಾರಣ ವೇಗದಿಂದ, ಆಮೇಲೆ ಹತ್ತು ಸಲ ಜೋರಿನಿಂದ, ಗಾಲಿ ಜಾರದಂತೆ, ಪೂರ್ತಿ ನಿಲ್ಲದಂತೆ ಬ್ರೇಕ್ ಹಿಡಿಸಿದರು. ಎಣಿಸಿದ್ದು ಕಟ್ಟೆಯ ಮೇಲೆ ಕೂತ ಅಕ್ಕ.

ದುಡ್ಡು ತೆಗೆದುಕೊಳ್ಳಲಿಲ್ಲ. ಅದಕ್ಕೆ ಕಳೆದ ವಾರ ಹೋಗಿ 100 ಎಂಎಲ್ ಮಿನರಲ್ ಆಯಿಲ್, ಎರಡು ಜೊತೆ ಪ್ಯಾಡ್, ಒಂದು ಸಿರಿಂಜ್ ಅವರ ಕಪಾಟಿನಲ್ಲಿ ಇಟ್ಟು ಬಂದೆವು. ಆ ದಾರಿಯಲ್ಲಿ ಹೋಗುವ ಯಾರಿಗೆ ಬೇಕಾದರೂ ಕೇಳಿ ಪಡೆಯಬಹುದು, ಬಳಸಿದಷ್ಟು ಮತ್ತೆ ತಂದಿಡಿ. ದಬ್ಬೆಯ ತುಂಡು ಪಕ್ಕದ ಮೊಳೆಗೆ ನೇತಾಡುತ್ತಿದೆ. ಬಾಟಲಿಗೆ ಭಾವ ಬಿಳಿ ಪಟ್ಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ‘ಬೈಕಿಗೆ ಹಾಕಲಾಗ’.