ಬೇರೆ ದೋಣಿಗಳೂ ಇದ್ವು

ಕರ್ತನಲ್ಲಿ ಪ್ರೀತಿಯ ಸಭೆಯವರಿಗೂ ನಮ್ಮ ಬಂಧು ಬಳಗಕ್ಕೂ ವಂದನೆಗಳು. ನಮ್ಮನೆಯವರ ಟ್ರೀಟ್‌ಮೆಂಟ್ ಮುಗಿದು, ಸ್ಕ್ಯಾನ್ ರಿಪೋರ್ಟ್ ಕ್ಲಿಯರ್ ಅಂತ ಡಾಕ್ಟರ್ ಹೇಳಿ, ಮುಂದಕ್ಕೆ ಹಾಕ್ತಾನೇ ಬಂದಿದ್ದ ಹೋಲಿ ಲ್ಯಾಂಡ್ ಟೂರ್ ಕೂಡ ಮುಗಿಸ್ಕೊಂಡು ದೇವರ ದಯೆಯಿಂದ ಇಬ್ರೂ ಚೆನ್ನಾಗಿ ಮನೆ ಸೇರಿದೀವಿ. ಒಬ್ಬೊಬ್ಬರಿಗೂ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣ ಅಂತಿದ್ದೆ, ಆದ್ರೆ ಗಲಿಲಾಯದಲ್ಲಿ ಮನಸ್ಸಿಗೆ ಬಂದಿದ್ದನ್ನ ಎಲ್ಲರಿಗೂ ಒಟ್ಟಿಗೆ ಹೇಳ್ಬೇಕು ಅನ್ನಿಸ್ತು.

ಬೆತ್ಲೆಹೇಮ್, ಜೆರುಸಲೇಮ್ ಎಲ್ಲಾ ನೋಡಿದ್ವಿ, ಫೋಟೋ ಆಮೇಲೆ ಹಾಕ್ತೀನಿ. ಗಲಿಲಾಯ ಸಮುದ್ರ ನಿಜವಾಗಿ ಸಿಹಿನೀರಿನ ಸರೋವರ, ಉದ್ದ ಸುಮಾರು 21 ಕಿಲೋಮೀಟರ್, ಅಗಲ ಜಾಸ್ತಿ ಅಂದ್ರೆ 13. ಸಮುದ್ರ ಮಟ್ಟಕ್ಕಿಂತ 200 ಮೀಟರ್‌ಗೂ ಕೆಳಗಿದೆ, ಸುತ್ತ ಗುಡ್ಡ, ಮೇಲಿನ ತಣ್ಣನೆ ಗಾಳಿ ಕಣಿವೇಲಿ ನುಗ್ಗಿದ್ರೆ ನೋಡ್ತಾ ನೋಡ್ತಾ ಅಲೆ ಏಳುತ್ತಂತೆ. ನಾವು ಹೋದ ದಿನ ನೀರು ಅಲುಗಾಡ್ದೆ ನಿಂತಿತ್ತು. ದೋಣಿಯವರು ನಮ್ಮ ತ್ರಿವರ್ಣ ಧ್ವಜ ಏರಿಸಿ ಜನಗಣಮನ ಹಾಕಿದ್ರು, ಆಮೇಲೆ ನಡು ನೀರಲ್ಲಿ ಇಂಜಿನ್ ಆಫ್ ಮಾಡಿದ್ರು, ಪಾಸ್ಟರ್ ಬೈಬಲ್‌ನಿಂದ ಮಾರ್ಕನ ಸುವಾರ್ತೆ 4ನೇ ಅಧ್ಯಾಯ ಓದಿದ್ರು. ಬಿರುಗಾಳಿ, ದೋಣೀಲಿ ದಿಂಬಿಗೆ ತಲೆ ಕೊಟ್ಟು ಮಲಗಿದ್ದ ಯೇಸು, ಹೆದರಿದ ಶಿಷ್ಯರು ಎಬ್ಬಿಸಿದಾಗ ಎದ್ದು ಗಾಳಿ ನಿಲ್ಲಿಸಿದ್ದು, ಎಲ್ಲಾ ಸಂಡೆ ಸ್ಕೂಲಿಂದ ಕೇಳಿದ್ದೇ. ಆದ್ರೆ 36ನೇ ವಚನದಲ್ಲಿ ಬೇರೆ ದೋಣಿಗಳೂ ಜೊತೆಗಿದ್ವು ಅಂತ ಇರೋದು ಅವತ್ತೇ ನನ್ನ ಕಿವಿಗೆ ಬಿದ್ದಿದ್ದು. ಅದ್ರಲ್ಲಿದ್ದೋರು ಯಾರು ಅಂತ ಮಾರ್ಕ ಬರೆದಿಲ್ಲ. ಯೇಸುನ ಎಬ್ಬಿಸಿದ್ದು ಅವರಲ್ಲ, ಅವರ ಕೂಗು ಅಲ್ಲಿವರೆಗೆ ಕೇಳ್ತಾನೂ ಇರ್ಲಿಲ್ಲವೇನೋ. ಆದ್ರೂ ಗಾಳಿ ನಿಂತಾಗ ಅವರಿಗೂ ನಿಂತಿರ್ಬೇಕಲ್ವಾ.

ದಡದಲ್ಲಿ ಗಿನೋಸರ್ ಅನ್ನೋ ಕಡೆ ಮ್ಯೂಸಿಯಂನಲ್ಲಿ ಆ ಕಾಲದ ಒಂದು ದೋಣಿ ಇಟ್ಟಿದಾರೆ, 1986ರಲ್ಲಿ ಮಳೆ ಇಲ್ದೆ ನೀರು ಇಳಿದಾಗ ಮೀನು ಹಿಡಿಯೋ ಅಣ್ಣತಮ್ಮಂದಿರಿಬ್ಬರಿಗೆ ಕೆಸರಲ್ಲಿ ಸಿಕ್ಕಿದ್ದು. 8 ಮೀಟರ್ ಚಿಲ್ಲರೆ ಉದ್ದ ಅಷ್ಟೇ, ಹತ್ತು ಹನ್ನೆರಡು ಜಾತಿ ಮರದ ತುಂಡು ಹಾಕಿ ರಿಪೇರಿ ಮಾಡಿ ಮಾಡಿ ಓಡಿಸಿದಾರೆ, ಬಡವರ ದೋಣಿ. ಅಂಥಾ ದೋಣೀಲಿ ರಾತ್ರಿ ಹೊತ್ತು ಗಾಳಿಗೆ ಸಿಕ್ಕೋರ ಗತಿ ನೆನೆಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ.

ನಾವಿಬ್ರೂ ಆ ಬೇರೆ ದೋಣಿಗಳಲ್ಲಿ ಇದ್ದೋರ ಥರಾನೇ ಇದ್ವಿ. ಕೀಮೋ ನಡೀವಾಗ ಆಸ್ಪತ್ರೆ ಕಾರಿಡಾರಲ್ಲಿ ಕೂತು ಬೈಬಲ್ ತೆಗೆದ್ರೆ ಅಕ್ಷರ ಕಾಣ್ತಿತ್ತು, ಒಳಗೆ ಏನೂ ಇಳೀತಿರ್ಲಿಲ್ಲ. ಕರ್ತನೇ ಅಂತ ಶುರು ಮಾಡಿದ್ರೆ ಮುಂದಕ್ಕೆ ಮಾತೇ ಇಲ್ಲ. ಆಗ ನಮ್ಮ ಬದಲು ಕೂಗಿದ್ದು ನೀವು. ಶುಕ್ರವಾರ ಉಪವಾಸ ಪ್ರಾರ್ಥನೆ ಬಿಡದೆ ನಡೆಸಿದ ಮಹಿಳಾ ಕೂಟದ ಅಕ್ಕಂದಿರು, ಪ್ಲೇಟ್‌ಲೆಟ್ ಕೊಡೋಕೆ ನೈಟ್ ಬಸ್ ಹತ್ತಿ ಬೆಂಗಳೂರಿಗೆ ಬಂದ ಯೂತ್ ಹುಡುಗರು, ಗಂಜಿ ಫ್ಲಾಸ್ಕಲ್ಲಿ ಹಾಕ್ಕೊಂಡು ಎರಡು ಬಸ್ ಬದಲಾಯಿಸಿ ಬರ್ತಿದ್ದ ಚಿಕ್ಕಮ್ಮ, ಇಲ್ಲಿ ನಮ್ಮ ಅತ್ತೆಯವರಿಗೆ ದಿನಾ ಊಟ ಕೊಟ್ಟ ಪಕ್ಕದ್ಮನೆ ಅಜ್ಜಿ, ಅವರೂ ತಮ್ಮ ದೇವರಿಗೆ ಹರಕೆ ಹೊತ್ತಿದ್ರಂತೆ, ನಿಮ್ಮೆಲ್ಲರ ಋಣ ತೀರಿಸೋಕಾಗಲ್ಲ.

ಈ ಭಾನುವಾರ ಆರಾಧನೇಲಿ ಸ್ತೋತ್ರ ಕಾಣಿಕೆ ಕೊಡ್ತಿದೀವಿ, ಆಮೇಲೆ ಊಟ ಇದೆ, ಎಲ್ರೂ ಬನ್ನಿ. ನಿಮ್ಮ ಕಡೆಯವರು ಯಾರಾದ್ರೂ ಈಗ ಟ್ರೀಟ್‌ಮೆಂಟಲ್ಲಿದ್ರೆ ಹೆಸರು ಕಳಿಸಿ. ದಿನಾ ಬೆಳಿಗ್ಗೆ ನಾವಿಬ್ರೂ ಕೂತು ಪ್ರಾರ್ಥನೆ ಮಾಡ್ತಿದೀವಿ, ಅವರ ಹೆಸರೂ ಸೇರಿಸ್ಕೋತೀವಿ.