ಚೌಕಿಯ ಬೀಗದಕೈ

ನಮ್ಮ ಸುದ್ದಿಪತ್ರದ ಈ ಸಲದ ಸಂಪಾದಕೀಯವನ್ನು ಕುಂಬಳೆ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಆಟಿ ತಿಂಗಳ ಮಳೆ. ಬೆಳಗ್ಗಿನಿಂದ ಕರೆಂಟಿಲ್ಲ, ಫೋನಿನಲ್ಲಿ ಚಾರ್ಜ್ ಕಾಲು ಭಾಗ ಉಳಿದಿದೆ. ಪುಟ ಜೋಡಿಸುವ ಗೆಳೆಯರು ಶಾರ್ಜಾದಿಂದ ಮೂರು ಸಲ ಮೆಸೇಜ್ ಕಳಿಸಿದ್ದಾರೆ. ನನ್ನ ಪುಟ ಒಂದೇ ಬಾಕಿಯಂತೆ. ರಾಜ್ಯೋತ್ಸವದ ತಯಾರಿಯ ಬಗ್ಗೆ ಬರೆಯಬೇಕು ಅಂತ ಇದ್ದೆ. ಅರ್ಧ ಬರೆದೂ ಇದ್ದೆ. ನಿನ್ನೆ ಮಗಳು ಕೇಳಿದ ಒಂದು ಮಾತಿನಿಂದ ಅದನ್ನು ಬದಿಗಿಟ್ಟು ಇದನ್ನು ಶುರು ಮಾಡಿದೆ.

ನಿನ್ನೆ ಸಂಜೆ ಅವಳನ್ನು ಕರೆದುಕೊಂಡು ಚೌಕಿ ಮಾವನ ಮನೆಗೆ ಹೋಗಿದ್ದೆ. ಶಾರ್ಜಾದ ನಮ್ಮ ಯಕ್ಷಗಾನ ತಂಡದ ಚೌಕಿ, ಅಂದರೆ ವೇಷ ಕಟ್ಟುವ ಕೋಣೆ, ನೋಡಿಕೊಳ್ಳುತ್ತಿದ್ದವರು. ಸೀತಾಂಗೋಳಿಯಿಂದ ಸ್ವಲ್ಪ ಒಳಗೆ, ಕಂಗಿನ ತೋಟದ ನಡುವೆ ಹಳೆಯ ಹಂಚಿನ ಮನೆ. ಮಾವ ಅಂಗಳದ ಬದಿಯಲ್ಲಿ ತೆಂಗಿನ ಗರಿ ಎಳೆದು ಹಾಕುತ್ತಿದ್ದರು. ಅವರನ್ನು ಕಂಡವಳೇ ಅಲ್ಲೇ ನಿಂತಳು. ನನ್ನ ಕೈ ಎಳೆದು ಕೇಳಿದಳು, "ಪಪ್ಪಾ, ಚೌಕಿ ಅಜ್ಜನಿಗೆ ಮನೆ ಉಂಟಾ? ಅವರು ಹಾಲ್‌ನಲ್ಲೇ ಇರುವುದಲ್ವಾ?"

ಅವಳಿಗೆ ಏಳು ವರ್ಷ. ಹುಟ್ಟಿದಂದಿನಿಂದ ಅವರನ್ನು ಅವಳು ನೋಡಿದ್ದು ರಂಗದ ಹಿಂದೆ ಮಾತ್ರ. ಬಾಯಲ್ಲಿ ಪಿನ್ನು, ಹೆಗಲ ಮೇಲೆ ಬೈರಾಸು, ಕೈಯಲ್ಲಿ ಯಾರದೋ ದಗಲೆಯ, ಅಂದರೆ ವೇಷದ ಅಂಗಿಯ, ದಾರ. ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ನಾನು ಆ ಮನುಷ್ಯನ ಜೊತೆ ಹದಿನೆಂಟು ವರ್ಷ ಕೆಲಸ ಮಾಡಿದ್ದೇನೆ. ಅವರ ಮನೆಯ ಅಂಗಳ ನಾನೂ ನೋಡಿದ್ದು ನಿನ್ನೆಯೇ ಮೊದಲು.

ಈ ಏಪ್ರಿಲ್‌ನಲ್ಲಿ ಅವರು ಊರಿಗೆ ಹೊರಟಾಗ ನಾವು ಶಾಲು ಹೊದಿಸಿದೆವು, ಹಣ್ಣು ಕೊಟ್ಟೆವು. ನಾಲ್ಕು ಜನ ಮಾತಾಡಿದೆವು. ಚೌಕಿಯ ಬೀಗದಕೈ ಯಾರಿಗೆ ಕೊಡಬೇಕು ಎಂದು ಅವರು ಅವತ್ತು ಎರಡು ಸಲ ಕೇಳಿದರಂತೆ. ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಕೊನೆಗೆ ಬೀಗದಕೈ ಗೊಂಚಲನ್ನು ಒಂದು ಲಕೋಟೆಯಲ್ಲಿ ಹಾಕಿ, ಯಾವ ಪೆಟ್ಟಿಗೆಗೆ ಯಾವುದು ಎಂದು ಬರೆದು, ನನ್ನ ಕುರ್ಚಿಯ ಮೇಲೆ ಇಟ್ಟು ಹೋಗಿದ್ದರು.

ಹೆಸರು ಹಾಕಬಾರದು ಎಂದು ನಿನ್ನೆಯೂ ಹೇಳಿದ್ದಾರೆ, ಅದಕ್ಕೆ ಹಾಕುತ್ತಿಲ್ಲ. ಹೊಸ ಸದಸ್ಯರಿಗಾಗಿ ಇಷ್ಟು ಹೇಳುತ್ತೇನೆ. ಹದಿಮೂರನೇ ವಯಸ್ಸಿನಲ್ಲಿ ಅವರು ಒಂದು ಮೇಳದ ಚೌಕಿಗೆ ಸೇರಿದವರು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖಕ್ಕೆ ಇಡುವ ಚುಟ್ಟಿಗೆ ಅಕ್ಕಿ ಅರೆದು ಸುಣ್ಣ ಸೇರಿಸಿ ಕೊಡುವುದು ಮೊದಲ ಕೆಲಸ. ಆಮೇಲೆ ವೇಷ ಕಟ್ಟಲು ಕಲಿತರು. 1993ರಲ್ಲಿ ಗಲ್ಫಿಗೆ ಹೊರಟರು. ಆಗ ಕೊಂಕಣ ರೈಲು ಪೂರ್ತಿ ಆಗಿರಲಿಲ್ಲ. ಮಂಗಳೂರಿನಿಂದ ಬಸ್ಸಲ್ಲಿ ಬೊಂಬಾಯಿ, ಅಲ್ಲಿಂದ ವಿಮಾನ. ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿ ಸೇರಿ, ಅಲ್ಲೇ ನಿವೃತ್ತಿಯಾದರು. ನಮ್ಮ ತಂಡದ ಗೆಜ್ಜೆ, ಕಿರೀಟ, ಭುಜಕೀರ್ತಿ ಎಲ್ಲ ಅವರು ರಜೆಯಿಂದ ವಾಪಸ್ಸಾಗುವವರ ಬ್ಯಾಗಿನಲ್ಲಿ ಒಂದೊಂದೇ ತರಿಸಿದ್ದು. ಮೂವತ್ತು ಕಿಲೋದಲ್ಲಿ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ತುಂಬಿಸಿದ ಮೇಲೂ ನೂರು ಗೆಜ್ಜೆಗೆ ಜಾಗ ಬಿಡಿ ಎಂದು ಜನರನ್ನು ಒಪ್ಪಿಸುವುದು ಸಣ್ಣ ಕೆಲಸವಲ್ಲ.

ಒಂದು ವರ್ಷದ ಯಕ್ಷಗಾನದ ಆಟ ನನಗೆ ಮರೆಯುವುದಿಲ್ಲ. 2009ರ ನವೆಂಬರ್. ಹಿಂದಿನ ವರ್ಷದ ಕೊನೆಯಿಂದಲೇ ಕೆಲಸ ಹೋಗುವುದು ಶುರುವಾಗಿತ್ತು. ಕಟ್ಟಡಗಳ ಮೇಲೆ ಕ್ರೇನುಗಳು ನಿಂತಲ್ಲೇ ನಿಂತಿದ್ದವು. ಪ್ರತಿ ತಾಲೀಮಿಗೂ ಒಬ್ಬಿಬ್ಬರು ಕಡಿಮೆ. ಈ ವರ್ಷ ಆಟ ಬೇಡ ಎಂದು ಸಮಿತಿಯಲ್ಲಿ ಅರ್ಧ ಜನ ಹೇಳಿದೆವು. ನಾನೂ ಹೇಳಿದ್ದೆ. ಮಾವ ಒಂದೇ ಮಾತು ಕೇಳಿದರು, "ಕೆಲಸ ಹೋದವ ಟಿಕೆಟ್ ಆಗುವ ತನಕ ಸಂಜೆ ಎಲ್ಲಿಗೆ ಹೋಗಬೇಕು ಮಾರಾಯ?"

ಪ್ರಸಂಗ ಉಂಗುರ ಸಂಧಿ ಎಂದು ನಿಶ್ಚಯವಾಯಿತು. ನಮ್ಮ ಕುಂಬಳೆಯ ಕವಿ ಪಾರ್ತಿಸುಬ್ಬನದ್ದು. ಹನುಮಂತ ಕಡಲು ದಾಟಿ ಸೀತೆಗೆ ಉಂಗುರ ಮುಟ್ಟಿಸುವ ಕತೆ. ಆಟಕ್ಕೆ ಹನ್ನೆರಡು ದಿನ ಇರುವಾಗ ನಮ್ಮ ಹನುಮಂತನಿಗೇ ಕಂಪನಿಯಿಂದ ಪತ್ರ ಬಂತು. ವೀಸಾ ಕ್ಯಾನ್ಸಲ್. ಅವರು ಗೆಜ್ಜೆ ಒಪ್ಪಿಸಲು ಬಂದಾಗ ಯಾರ ಬಾಯಲ್ಲೂ ಮಾತಿರಲಿಲ್ಲ.

ಮೂರನೇ ದಿನ ಮಾವ ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಲೇಬರ್ ಕ್ಯಾಂಪಿನಲ್ಲಿದ್ದವ, ಮರದ ಕೆಲಸ, ಊರು ಮುಳ್ಳೇರಿಯ ಕಡೆ. ದೇವಸ್ಥಾನದಲ್ಲಿ ಎರಡು ವರ್ಷ ನಾಟ್ಯ ಕಲಿತಿದ್ದ. ಹೆಜ್ಜೆ ಚೆನ್ನಾಗಿತ್ತು. ಮನೆಮಾತು ತುಳು, ಓದಿದ್ದು ಮಲಯಾಳದಲ್ಲಿ. ಕನ್ನಡ ಮಾತಾಡುತ್ತಿದ್ದ, ಆದರೆ ಅಕ್ಷರ ಬರುತ್ತಿರಲಿಲ್ಲ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ನಮ್ಮ ಮನೆಗಳಲ್ಲೇ ಇಂಥ ಮಕ್ಕಳಿದ್ದಾರೆ.

ನಾವೆಲ್ಲ ಬಾಯಲ್ಲೇ ಹೇಳಿಕೊಡುವ ಎಂದೆವು. ಮಾವ ಒಪ್ಪಲಿಲ್ಲ. ಡ್ಯೂಟಿ ಮುಗಿಸಿ ಹನ್ನೊಂದು ಗಂಟೆಗೆ ಮಲಗುವಾಗ ಅವನ ಕೈಯಲ್ಲಿ ಒಂದು ಕಾಗದ ಇರಬೇಕು ಎಂದರು. ಸ್ಟೋರಿನ ಹಳೆಯ ಲೆಜ್ಜರ್ ಪುಸ್ತಕ ತೆಗೆದು, ಒಂದು ವಾರ ರಾತ್ರಿ ಕುಳಿತು, ಹನುಮಂತನ ಅರ್ಥವನ್ನು, ಅಂದರೆ ಅವನು ಆಡುವ ಮಾತುಗಳನ್ನು, ಪೂರಾ ಬರೆದುಕೊಟ್ಟರು. ಮಾತು ಕನ್ನಡ, ಅಕ್ಷರ ಮಲಯಾಳ. ಉಸಿರು ತೆಗೆದುಕೊಳ್ಳುವಲ್ಲಿ ಕೆಂಪು ಗೆರೆ. ಹಾಡುವ ಭಾಗವತರ ಪದ ಮುಗಿಯುವಲ್ಲಿ ಎರಡು ಗೆರೆ.

ಆಟದ ದಿನ ಏಳು ಗಂಟೆಗೆ ಶುರು ಎಂದು ಹಾಕಿದ್ದೆವು. ಹಾಲ್ ಹನ್ನೊಂದಕ್ಕೆ ಬಿಡಬೇಕು. ಏಳೂಕಾಲಾದರೂ ಕ್ಯಾಂಪಿನ ಬಸ್ಸಿಲ್ಲ. ಆ ಹುಡುಗನ ಸೈಟಿನಲ್ಲಿ ಓವರ್‌ಟೈಮ್. ಬಸ್ಸಿನಲ್ಲಿ ಹನುಮಂತನೂ ಇದ್ದ, ಹಿಂದಿನ ಎರಡು ಸಾಲಿನ ಪ್ರೇಕ್ಷಕರೂ ಇದ್ದರು. ಮುಂದಿನ ಸಾಲಿನಲ್ಲಿ ಅತಿಥಿಗಳು ವಾಚು ನೋಡತೊಡಗಿದರು. ನಾನು ಆಗ ಕಾರ್ಯದರ್ಶಿ. ಚೌಕಿಗೆ ಹೋಗಿ, ಶುರು ಮಾಡುವ, ಅವರು ಬಂದಾಗ ಬರಲಿ ಎಂದೆ. ಮಾವ ತಲೆ ಎತ್ತದೆ ಹೇಳಿದರು, "ಅವರು ನೋಡುವುದಕ್ಕೆ ಬರುವುದಲ್ವಾ? ಅರ್ಧ ನೋಡಿ ಹೋಗುವುದು ಹೇಗೆ? ಭಾಗವತರಿಗೆ ಹೇಳು, ನಾಲ್ಕು ಪದ ಜಾಸ್ತಿ ಹಾಡಲಿ."

ಬಸ್ಸು ಬಂದದ್ದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಹುಡುಗನ ಕಿವಿಯ ಹಿಂದೆ, ರೆಪ್ಪೆಯ ಮೇಲೆ ಮರದ ಹುಡಿ. ಮಾವ ಮೊದಲು ಅವನ ಮುಖಕ್ಕೆ ತೆಂಗಿನೆಣ್ಣೆ ಸವರಿ ಒರೆಸಿದರು. ಒಂದು ಗ್ಲಾಸು ಚಾ ಕುಡಿಸಿದರು. ಅದರ ನಂತರವೇ ಬಣ್ಣ. ಅಷ್ಟು ಗಡಿಬಿಡಿಯಲ್ಲೂ ಆ ಎರಡು ಕೆಲಸ ಬಿಡಲಿಲ್ಲ.

ಆಟ ಎದ್ದಿತು. ಆದರೆ ಹತ್ತೂಕಾಲಿಗೆ ಬಸ್ಸಿನ ಚಾಲಕ ಬಾಗಿಲಲ್ಲಿ ಬಂದು ನಿಂತ. ಕ್ಯಾಂಪಿಗೆ ವಾಪಸ್ ಬಿಡುವ ಸಮಯ. ಅವನದೂ ಡ್ಯೂಟಿ, ಅವನಿಗೂ ಬೆಳಗ್ಗೆ ನಾಲ್ಕಕ್ಕೆ ಏಳಬೇಕು. ಹಿಂದಿನ ಸಾಲಿನವರು ಎದ್ದು ನಿಂತರು. ಹೊರಗೆ ಹೋಗಲಿಲ್ಲ, ಕುಳಿತೂ ಕೊಳ್ಳಲಿಲ್ಲ, ದಾರಿಯಲ್ಲೇ ನಿಂತು ನೋಡುತ್ತಿದ್ದರು. ಮಾವ ಚೌಕಿಯಿಂದ ಫ್ಲಾಸ್ಕು ಹಿಡಿದುಕೊಂಡು ಹೊರಗೆ ಹೋದರು. ಚಾಲಕ ಪಾಕಿಸ್ತಾನದವನು. ಪಾರ್ಕಿಂಗಿನಲ್ಲಿ ಅವನ ಜೊತೆ ಚಾ ಕುಡಿಯುತ್ತ, ಅವನ ಊರು, ಮಕ್ಕಳು, ತಾಯಿ ಎಲ್ಲ ವಿಚಾರಿಸುತ್ತ ಮೂವತ್ತೈದು ನಿಮಿಷ ನಿಂತರು. ಅಷ್ಟು ಹೊತ್ತು ನಮಗೆ ಸಿಕ್ಕಿತು. ಒಳಗೆ ಹನುಮಂತ ಸೀತೆಯ ಕೈಗೆ ಉಂಗುರ ಕೊಟ್ಟಾಗ ಹಿಂದೆ ನಿಂತಿದ್ದವರಲ್ಲಿ ಒಬ್ಬರು ಜೋರಾಗಿ ಅತ್ತರು. ಆ ದೃಶ್ಯವನ್ನು ನಮ್ಮ ಚೌಕಿ ಮಾವ ನೋಡಲೇ ಇಲ್ಲ.

ಮರುವರ್ಷದಿಂದ ಆಟ ಸಂಜೆ ನಾಲ್ಕಕ್ಕೆ ಶುರುವಾಗತೊಡಗಿತು. ಅದು ಅವರು ಹಟ ಹಿಡಿದು ಮಾಡಿಸಿದ್ದು. ತಾಲೀಮು ಸೆಪ್ಟೆಂಬರ್ 15ರ ನಂತರವೇ ಆಗಬೇಕು ಎಂಬುದೂ ಅವರದೇ. ಯುಎಇಯಲ್ಲಿ ಜೂನ್ 15ರಿಂದ ಆ ದಿನದವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಹೊರಗಿನ ಕೆಲಸಕ್ಕೆ ನಿಷೇಧ ಇರುವುದರಿಂದ ಸೈಟಿನವರ ಪಾಳಿ ಹಿಂದೆಮುಂದೆ ಆಗಿರುತ್ತದೆ, ಅವರಿಗೆ ಬರಲಾಗುವುದಿಲ್ಲ. 2022ರ ಜನವರಿಯಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾದಾಗ ನಾವೆಲ್ಲ ಖುಷಿಪಟ್ಟೆವು. ಯಾರ ಕಂಪನಿಗೆ ಇನ್ನೂ ಶುಕ್ರವಾರವೇ ರಜೆ ಎಂದು ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದ್ದು ಮಾವ.

ನವೆಂಬರ್ ತಿಂಗಳೇ ಏಕೆ ಎಂದು ಕೆಲವರು ಕೇಳುತ್ತಾರೆ. ನವೆಂಬರ್ 1 ಕರ್ನಾಟಕದವರಿಗೆ ಹಬ್ಬ. ನಮಗೆ ಅದೇ ದಿನ, 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿತು. ನನ್ನ ಅಜ್ಜ ಮನೆ ಬಿಟ್ಟು ಎಲ್ಲಿಗೂ ಹೋದವರಲ್ಲ. ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ, ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಮುದುಕರಾಗಿ, 1984ರ ನಂತರ ಕಾಸರಗೋಡು ಜಿಲ್ಲೆಯವರಾಗಿ ತೀರಿಕೊಂಡರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಶಾಲೆಯಲ್ಲಿ ನಾವು ಅವತ್ತು ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನದ, ಹಾಡು ಹಾಡಿ ಮನೆಗೆ ಬಂದರೆ ಅಜ್ಜ ಮಾತಾಡುತ್ತಿರಲಿಲ್ಲ. ಆ ವಾರ ನಮ್ಮವರು ಒಂದೇ ಕಡೆ ಕುಳಿತು ಕನ್ನಡ ಕೇಳಬೇಕು ಎಂದು ಮಾವ ಹೇಳುವುದು ನನಗೆ ಅರ್ಥವಾಗುತ್ತದೆ.

ನಿನ್ನೆ ಅವರು ಆ ಲೆಜ್ಜರನ್ನು ಒಳಗಿನಿಂದ ತಂದರು. ಹನುಮಂತನ ಅರ್ಥ ಮೊದಲ ಇಪ್ಪತ್ತು ಪುಟ. ಉಳಿದದ್ದೆಲ್ಲ ನಾವು. ಒಬ್ಬರ ಹೆಸರಿನ ಎದುರು, ಎಡ ಮೊಣಕಾಲು ನೋವು, ಹಾರಿ ತಿರುಗುವ ದಿಗಿಣ ಹಾಕಿಸಬಾರದು. ಇನ್ನೊಬ್ಬರದು, ಬೆವರು ಜಾಸ್ತಿ, ಎರಡು ಬೈರಾಸು ಇಡಬೇಕು. ಬುಧವಾರ ರಾತ್ರಿಪಾಳಿ, ಹಗಲು ಫೋನ್ ಬೇಡ. ತಾಯಿಗೆ ಹುಷಾರಿಲ್ಲ, ಈ ವರ್ಷ ದೊಡ್ಡ ಪಾತ್ರ ಕೊಡಬೇಡಿ. ನನ್ನ ಹೆಸರು ಹುಡುಕಿದೆ. "ಮಾತು ಮರೆತರೆ ಬಲಗಡೆ ನೋಡುತ್ತಾನೆ. ಬಲಗಡೆ ನಿಲ್ಲಬೇಕು."

ನಾನು ಮಾಡಿದ್ದು ಆರೇಳು ಸಣ್ಣ ವೇಷ. ಪ್ರತಿ ಸಲ ಮರೆತು ಬಲಗಡೆ ತಿರುಗಿದಾಗ ಪರದೆಯ ಬದಿಯಲ್ಲಿ ಮಾವ ಇರುತ್ತಿದ್ದರು. ಅದು ಅವರ ಜಾಗ, ಅಲ್ಲಿ ಇರುತ್ತಾರೆ ಅಂತ ಸುಮ್ನೆ ಅಂದುಕೊಂಡಿದ್ದೆ. ಪುಸ್ತಕ ಮುಚ್ಚಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮಗಳು ಅಷ್ಟರಲ್ಲಿ ಅಕ್ಕನವರು ಕೊಟ್ಟ ಹಲಸಿನ ಹಪ್ಪಳ ಮುಗಿಸಿ ಒಂದು ಹಳೆಯ ಗೆಜ್ಜೆ ಕಾಲಿಗೆ ಕಟ್ಟಿಸಿಕೊಂಡಿದ್ದಳು.

ಹೊರಡುವಾಗ ಮಾವ ಕೇಳಿದರು, "ಚೌಕಿಗೆ ಯಾರು ಸಿಕ್ಕಿದರು?"

ಹುಡುಕುತ್ತಿದ್ದೇವೆ ಎಂದೆ. ಅದು ಪೂರ್ತಿ ನಿಜವಲ್ಲ. ಈ ವರ್ಷ ವೇಷ ಮಾಡಲು ಹದಿನಾಲ್ಕು ಜನ ಹೆಸರು ಕೊಟ್ಟಿದ್ದಾರೆ. ಚೌಕಿಗೆ ಒಬ್ಬರೂ ಇಲ್ಲ. ಕ್ಯಾಂಪಿನ ಬಸ್ಸಿಗೆ ಫೋನ್ ಮಾಡುವವರಿಲ್ಲ. ಹೆಸರು ಕೊಟ್ಟವರ ಮೇಲೆ ನನಗೆ ಬೇಸರವಿಲ್ಲ, ರಂಗಕ್ಕೆ ಬರುವ ಆಸೆ ಒಳ್ಳೆಯದೇ. ಆದರೆ ಬೀಗದಕೈ ನಾಲ್ಕು ತಿಂಗಳಿನಿಂದ ನನ್ನ ಮೇಜಿನ ಡ್ರಾಯರಿನಲ್ಲಿದೆ. ಪೆಟ್ಟಿಗೆ ತೆರೆದು ಬಟ್ಟೆಗೆ ಗಾಳಿ ಹಾಕಿಸಿದವರಿಲ್ಲ. ನನ್ನಿಂದ ಸುದ್ದಿಪತ್ರವೂ ಇದೂ ಎರಡೂ ಆಗುವುದಿಲ್ಲ. ದಯವಿಟ್ಟು ಯಾರಾದರೂ ಬನ್ನಿ. ಒಬ್ಬರಿಗೇ ಕಷ್ಟವಾದರೆ ಮೂರು ಜನ ಸೇರಿ ಬನ್ನಿ. ಆಟದ ಗಂಧ ಇಲ್ಲದಿದ್ದರೂ ಪರವಾಗಿಲ್ಲ, ಗಂಟು ಹಾಕಲು ಬಂದರೆ ಸಾಕು. ವೇಷ ಕಟ್ಟುವುದನ್ನು ವೀಡಿಯೋ ಕಾಲ್‌ನಲ್ಲಿ ಕಲಿಸುತ್ತೇನೆ ಎಂದು ಮಾವ ಹೇಳಿದ್ದಾರೆ. ಇಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿವೆ, ದೀಪಾವಳಿಯವರೆಗೆ ಮಾವನಿಗೂ ಪುರುಸೊತ್ತಿದೆ.

ಇನ್ನು ಸೂಚನೆಗಳು, ಜಾಗ ಕಡಿಮೆ ಇರುವುದರಿಂದ ಒಟ್ಟಿಗೇ ಬರೆಯುತ್ತೇನೆ. ಚೌತಿ ಪೂಜೆಗೆ ಅಡುಗೆ ತರುವವರು ಯಾರು ಏನು ತರುತ್ತೀರಿ ಎಂದು ಮೊದಲೇ ತಿಳಿಸಿ, ಕಳೆದ ಸಲ ಏಳು ಪಾತ್ರೆ ಪಾಯಸ ಬಂದು ಅನ್ನ ಸಾಲಲಿಲ್ಲ. ಮಕ್ಕಳ ಕನ್ನಡ ತರಗತಿ ಶಾಲೆ ಶುರುವಾದ ಮೇಲಿನ ಮೊದಲ ಶನಿವಾರದಿಂದ, ಬೆಳಗ್ಗೆ ಹತ್ತಕ್ಕೆ. ದೊಡ್ಡವರೂ ಅಕ್ಷರ ಕಲಿಯಲು ಬರಬಹುದು, ನಾಚಿಕೆ ಬೇಡ. ತಾಲೀಮು ಸೆಪ್ಟೆಂಬರ್ 15ರ ನಂತರದ ಮೊದಲ ಭಾನುವಾರ. ರಾಜ್ಯೋತ್ಸವದ ಆಟ ಎಂದಿನಂತೆ ಸಂಜೆ ನಾಲ್ಕಕ್ಕೆ, ಕ್ಯಾಂಪಿನವರಿಗೆ ಟಿಕೆಟ್ ಇಲ್ಲ. ವಂತಿಗೆ ಬಾಕಿ ಇರುವವರು ಹಾಲ್ ಬಾಡಿಗೆ ಕಟ್ಟುವ ಮೊದಲು ಕೊಟ್ಟರೆ ಉಪಕಾರ. ಊರಿನಿಂದ ಬರುವವರ ಬ್ಯಾಗಿನಲ್ಲಿ ಐದು ಕಿಲೋ ಜಾಗ ಇದ್ದರೆ ನನಗೆ ತಿಳಿಸಿ, ಎರಡು ಜೊತೆ ಗೆಜ್ಜೆ ಮತ್ತು ಆ ಲೆಜ್ಜರ್ ತರುವುದಿದೆ.

ಚಾರ್ಜ್ ಮುಗಿಯುತ್ತಾ ಬಂತು. ಇಲ್ಲಿಗೆ ಕಳಿಸುತ್ತಿದ್ದೇನೆ.

ನಿಮ್ಮ ಸಂಪಾದಕ

ತಾ.ಕ.: ಈಗಷ್ಟೇ ಮಾವನ ಫೋನ್ ಬಂತು. ನೀಲಿ ಪೆಟ್ಟಿಗೆಯಲ್ಲಿ ಕಿರೀಟದ ಕೆಳಗೆ ಕರ್ಪೂರದ ಗುಳಿಗೆ ಬದಲಿಸಬೇಕಂತೆ, ಇಲ್ಲದಿದ್ದರೆ ಹುಳ ಹಿಡಿಯುತ್ತದೆ. ಶಾರ್ಜಾದಲ್ಲಿ ಈಗ ಇರುವವರು ಯಾರಾದರೂ ಈ ವಾರ ಹೋಗಿ ನೋಡುತ್ತೀರಾ? ಬೀಗದಕೈ ನನ್ನ ಫ್ಲ್ಯಾಟಿನ ಪಕ್ಕದ ಮನೆಯಲ್ಲಿ ಕೊಡಲು ಹೇಳುತ್ತೇನೆ.