ಗೋಳಗುಮ್ಮಟದಲ್ಲಿ ಸಿಕ್ಕ ಹಿರಿಯರಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ, ಕ್ಷಮಿಸಿ. ಕಳೆದ ತಿಂಗಳು ವಿಜಯಪುರದಲ್ಲಿ, ಬಿಳಿ ಟೋಪಿ ಹಾಕಿಕೊಂಡು ಗುಮ್ಮಟದ ಮೆಟ್ಟಿಲ ಮೇಲೆ ಕೂತಿದ್ದಿರಿ.

ನಾವು ಹೋದಾಗ ಮಟಮಟ ಮಧ್ಯಾಹ್ನ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಬರೀ ಶಿಳ್ಳೆ, ಕೂಗಾಟ. ಅಮ್ಮ ಮುಖ ಸಪ್ಪೆ ಮಾಡಿಕೊಂಡು ಇಳಿದು ಬಂದರು. ಆಗ ನೀವು, "ನಾಳೆ ಮುಂಜಾನೆ ಲಗೂನ ಬರ್ರಿ, ನಾನೂ ಬರ್ತೀನಿ" ಅಂದಿರಿ. ಸುಮ್ನೆ ಹೇಳ್ತಿದ್ದಾರೆ ಅಂದುಕೊಂಡೆ. ಆದರೆ ಬಾಗಿಲು ತೆರೆಯುವ ಹೊತ್ತಿಗೆ ನಮಗಿಂತ ಮೊದಲೇ ಬಂದು ನಿಂತಿದ್ದಿರಿ!

ಮೂಲೆಯ ಗೋಪುರದ ಆ ಕಡಿದಾದ ಮೆಟ್ಟಿಲುಗಳಲ್ಲಿ ಅಮ್ಮನ ಕೈ ಹಿಡಿದು ಹತ್ತಿಸಿದಿರಿ. ಪ್ರತಿ ಅಂತಸ್ತಿನಲ್ಲೂ ನಿಲ್ಲಿಸಿ, 1656ರಲ್ಲಿ ತೀರಿಕೊಂಡು ಅಲ್ಲೇ ಸಮಾಧಿಯಾದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಕಥೆ ಹೇಳಿದಿರಿ. (ದಣಿವಾರಿಸಿಕೊಳ್ಳಲು ಅದೊಂದು ನೆಪ ಅಂತ ಆಮೇಲೆ ಹೊಳೆಯಿತು.) ಮೇಲೆ, ಗೋಡೆಗೆ ಬಾಯಿ ಹಚ್ಚಿ ನೀವು ಏನೋ ಪಿಸುಗುಟ್ಟಿದಿರಿ. ಸುಮಾರು 38 ಮೀಟರ್ ಆಚೆ ಕೂತಿದ್ದ ಅಮ್ಮ ನಕ್ಕುಬಿಟ್ಟರು. ಏನು ಹೇಳಿದಿರಿ ಅಂತ ಇವತ್ತಿಗೂ ನನಗೆ ಹೇಳಿಲ್ಲ!

ಮಲಿಕ್-ಎ-ಮೈದಾನ್ ತೋಪಿನ ಬಾಯಲ್ಲಿ ಆನೆಯನ್ನು ಅಗಿಯುವ ಸಿಂಹವನ್ನು ನೋಡಿ ಅಂದಿದ್ದಿರಿ, ನೋಡಿದೆವು. ಅರ್ಧಕ್ಕೇ ನಿಂತುಹೋದ ಸಮಾಧಿ ಬಾರಾ ಕಮಾನಿಗೆ ಸಂಜೆ ಹೋಗಿ ಅಂದಿದ್ದಿರಿ. ಚಾವಣಿಯೇ ಇಲ್ಲದ ಆ ಕಪ್ಪು ಕಮಾನುಗಳ ನಡುವೆ ಬಹಳ ಹೊತ್ತು ಕೂತೆವು. ನನಗೆ ಗುಮ್ಮಟಕ್ಕಿಂತ ಅದೇ ಜಾಸ್ತಿ ಹಿಡಿಸಿತು, ಬೇಜಾರಾಗಬೇಡಿ.

ದುಡ್ಡು ಕೊಡಲು ಹೋದರೆ ಬೈದಿರಿ, ಚಹಾಕ್ಕೂ ಒಪ್ಪಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ: ತುಂಬಾ ಧನ್ಯವಾದ, ಕಾಕಾ. ಅಮ್ಮ ಮತ್ತೆ ಬರಬೇಕಂತೆ.